ಸುಣ್ಣದ ಪಟ್ಟಿ ಬಿರಿದ ವಾರ

ಕೆಲಸ ಮುಗಿದ ಮೇಲೆ ನಾನು ಡೈರಿಯಲ್ಲಿ ಮೂರು ವಿಷಯ ಬರೆಯುತ್ತೇನೆ: ಎಷ್ಟು ಜನ ಬಂದಿದ್ದರು, ಎಷ್ಟು ರಂಧ್ರ ಕೊರೆದರು, ಯಾರಿಗಾದರೂ ಗಾಯವಾಯಿತೆ. ಸುರಕ್ಷತಾ ಸ್ಪರ್ಧೆಗೆ ಒಂದು ವಾರ ಇರುವಾಗಿನ ಬುಧವಾರದ ಪುಟದಲ್ಲಿ ಮೂರನೆಯದರ ಮುಂದೆ ‘ಇಲ್ಲ’ ಎಂದು ಬರೆದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

ಅದಕ್ಕೆ ಕಾರಣ ನಮ್ಮ ಕ್ವಾರಿಯಲ್ಲಿ ಕಲ್ಲು ಕೊರೆಯುವ ಡ್ರಿಲ್ಲರನ ಹೆಬ್ಬೆರಳು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವನ ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬಟ್ಟೆಯ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಬೆಳಿಗ್ಗೆ ಹಾಜರಿ ಹಾಕುವಾಗ ಆ ಬಟ್ಟೆ ಇರಲಿಲ್ಲ.

“ಏನಾತು ಭಾಯಿ?” ಎಂದೆ.

“ಮನ್ಯಾಗ ಬಾಗ್ಲಾಗ ಸಿಕ್ತು, ಮೇಡಮ್.”

“ಮುಂಜಾನಿ ಬಂದಾಗ ಸರಿ ಇತ್ತಲ್ಲ?”

“ಮನಿ ದೂರ ಅದ್ರಿ. ನೋವು ಇಲ್ಲಿ ಮಟ ಬರಾಕ ಹೊತ್ತು ಹಿಡೀತು.”

ಸುತ್ತ ಕೂತವರೆಲ್ಲ ನಕ್ಕರು. ಮೇಸ್ತ್ರಿ ಮಾತ್ರ ನಗಲಿಲ್ಲ. ರೊಟ್ಟಿ ಮುರಿಯುತ್ತಲೇ, “ಬಾಗ್ಲಾ ಅಂದ ಮ್ಯಾಲ ಬಾಗ್ಲಾ, ತಂಗಿ. ಹಂಗ ಬರ್ಕೊ” ಎಂದರು.

ಯಾಕೆ ಹಾಗೆಂದರು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾದಗಿರಿ, ಶಹಾಪುರ, ಸುರಪುರ ಸುತ್ತಲಿನ ಕಲ್ಲು ಕ್ವಾರಿಗಳು ವರ್ಷಕ್ಕೊಮ್ಮೆ ಸುರಕ್ಷತೆಯಲ್ಲಿ ಸ್ಪರ್ಧಿಸುತ್ತವೆ. ಬೇರೆ ಕ್ವಾರಿಯವರೇ ತೀರ್ಪುಗಾರರಾಗಿ ಬಂದು ಹೆಲ್ಮೆಟ್, ಸೈರನ್, ಪ್ರಥಮ ಚಿಕಿತ್ಸೆ, ಕೊರೆಯುವ ರೀತಿ, ಸ್ವಚ್ಛತೆ ಎಲ್ಲಕ್ಕೂ ಅಂಕ ಕೊಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಪಾಲು ಇಡೀ ವರ್ಷ ಒಂದೂ ಗಾಯವಿಲ್ಲದ ಕ್ವಾರಿಗೆ. ಒಂದು ಹೆಬ್ಬೆರಳು ಜಜ್ಜಿದರೂ ಆ ಪಾಲು ಹೋಯಿತು.

ಹಿಂದಿನ ವರ್ಷ ಕಡೇಚೂರು ಕಡೆಯ ಕ್ವಾರಿಯವರು ಸ್ವಲ್ಪದರಲ್ಲೇ ನಮ್ಮನ್ನು ಹಿಂದೆ ಹಾಕಿ, ಗೆದ್ದವರಿಗೆ ಕೊಡುವ ಢಾಲು ಒಯ್ದಿದ್ದರು. ಗುಡ್ಡ ಕಡಿದು ಮಾಡಿದ ನಮ್ಮ ಮೇಲಿನ ಮೆಟ್ಟಿಲಿನ ಅಂಚು ಸರಿಯಾಗಿ ಗುರುತು ಮಾಡಿಲ್ಲವೆಂದು ತೀರ್ಪುಗಾರರು ಅಂಕ ಕಳೆದದ್ದರಿಂದ ಹಾಗಾಯಿತು ಎಂದು ಮೇಸ್ತ್ರಿ ನನಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಅವರಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ಈ ವರ್ಷ ಮುಗಿದ ಮೇಲೆ ಕೆಲಸ ಬಿಡುವವರಿದ್ದರು. ಢಾಲು ಒಮ್ಮೆ ಆಫೀಸಿನ ಗೋಡೆಗೆ ಹತ್ತಿಸಿ ಹೋಗಬೇಕೆಂಬುದು ಅವರ ಆಸೆ.

ನಾನು ಮುದನಾಳದವಳು. ಕ್ವಾರಿಯ ಸುರಕ್ಷತಾ ಸಹಾಯಕಿಯಾದ ಮೇಲೆ ರಂಗಂಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ನಮ್ಮ ಮ್ಯಾನೇಜರ್ ಶಹಾಪುರದ ಹತ್ತಿರ ಇನ್ನೊಂದು ಕ್ವಾರಿಯನ್ನೂ ನೋಡಿಕೊಳ್ಳುತ್ತಿದ್ದರು, ಹಾಗಾಗಿ ವಾರದಲ್ಲಿ ಹೆಚ್ಚು ದಿನ ಇಲ್ಲಿ ನಾನು ಮತ್ತು ಮೇಸ್ತ್ರಿಯೇ.

ಶನಿವಾರ ಕೊರೆಯುವ ಕೆಲಸ ನಿಲ್ಲಿಸಿ ಇಡೀ ಕ್ವಾರಿಗೆ ಸುಣ್ಣ ಹಚ್ಚಿದರು. ದಾರಿಯ ಕಲ್ಲುಗಳಿಗೆ, ನೀರಿನ ಟಾಕಿಗೆ, ಬೇವಿನ ಮರದ ಬುಡಕ್ಕೆ. ಮೇಲಿನ ಮೆಟ್ಟಿಲನ್ನು ಮೇಸ್ತ್ರಿ ತಾವೇ ವಹಿಸಿಕೊಂಡರು. ಅಂಚಿನಿಂದ ಸಾಕಷ್ಟು ಹಿಂದೆ ತಡೆಗಲ್ಲುಗಳ ಸಾಲು ಇಟ್ಟು, ಆ ಕಲ್ಲುಗಳಿಂದ ಅಂಚಿನವರೆಗೆ ರಸ್ತೆಯ ಮೇಲಿನ ಜೀಬ್ರಾ ಗುರುತಿನಂತೆ ಅಗಲವಾದ ಅಡ್ಡಪಟ್ಟಿಗಳನ್ನು ಬಳಿದರು. ಆ ಬಿಳಿಯ ಮೇಲೆ ಯಾರೂ ಕಾಲಿಡಬಾರದು ಎಂದು ಅರ್ಥ. ಎದುರು ಗುಡ್ಡದಿಂದ ನೋಡಿದರೂ ಕಾಣುವಷ್ಟು ಬೆಳ್ಳಗಿತ್ತು. ನಾನೇ ಫೋಟೊ ತೆಗೆದು ಮ್ಯಾನೇಜರರಿಗೆ ಕಳಿಸಿದೆ.

ಭಾನುವಾರ ಸಂಜೆ ಅಕಾಲದ ಮಳೆ ಒಂದು ತಾಸು ಜೋರಾಗಿ ಹೊಡೆಯಿತು.

ಸೋಮವಾರ ಬೆಳಿಗ್ಗೆ, ಮಳೆಗೆ ಸುಣ್ಣ ತೊಳೆದುಹೋಗಿದೆಯೇ ಎಂದು ನೋಡಲು ಮೇಲೆ ಹತ್ತಿದೆ. ಅಲ್ಲಲ್ಲಿ ಮಾಸಿತ್ತು, ಅಷ್ಟೆ. ತಡೆಗಲ್ಲಿನ ಹಿಂದೆ ನಿಂತು ಪಟ್ಟಿಗಳನ್ನು ಎಣಿಸುತ್ತ ಹೋದವಳು ನಡುವೆ ನಿಂತುಬಿಟ್ಟೆ. ಒಂದು ಪಟ್ಟಿಯ ಮೇಲೆ ಅಡ್ಡಲಾಗಿ ಕೂದಲೆಳೆಯಂಥ ಕರಿ ಗೆರೆ ಇತ್ತು. ಪಕ್ಕದ ಪಟ್ಟಿಯ ಮೇಲೂ ಅದೇ ಜಾಗದಲ್ಲಿ ಅದೇ ಗೆರೆ. ಅದರಾಚೆಯದರ ಮೇಲೂ. ಯಾರೋ ಎಲ್ಲ ಪಟ್ಟಿಗಳನ್ನೂ ಒಂದೇ ಕರಿ ದಾರದಲ್ಲಿ ಪೋಣಿಸಿದ ಹಾಗೆ ಅಂಚಿಗೆ ಸಮಾನಾಂತರವಾಗಿ ಗೆರೆ ಹೋಗಿತ್ತು.

ಆ ಅಂಚಿನ ಕೆಳಗೆ ಎರಡಂತಸ್ತಿನ ಮನೆಯಷ್ಟು ಎತ್ತರದ ನೆಟ್ಟಗಿನ ಕಲ್ಲಿನ ಗೋಡೆ. ಗೋಡೆಯ ಬುಡದಲ್ಲಿ ಡ್ರಿಲ್ಲರ್ ಕೊರೆಯುವ ಜಾಗ.

ಮೇಸ್ತ್ರಿಯನ್ನು ಕರೆದು ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು.

“ಹಸಿ ಸುಣ್ಣ, ತಂಗಿ. ಒಣಗಿದ್ರ ಬಿರೀತದ. ನಿಮ್ಮ ಮನಿ ಗ್ವಾಡಿ ನೋಡಿಲ್ಲೇನು ನೀ?”

“ಎಲ್ಲಾ ಪಟ್ಟಿನೂ ಒಂದ ಕಡಿ ಯಾಕ ಬಿರೀಬೇಕು ಕಾಕಾ?”

“ಎಲ್ಲಾ ಒಂದ ದಿನ ಬಳದೀವಿ. ಅದಕ್ಕ.”

ಉತ್ತರ ನನಗೆ ಸಮಾಧಾನ ಕೊಡಲಿಲ್ಲ. ಆದರೆ ಅದನ್ನು ಸುಳ್ಳೆನ್ನಲು ನನ್ನ ಹತ್ತಿರ ಆಧಾರವೂ ಇರಲಿಲ್ಲ. ಸುಣ್ಣ ಒಣಗಿ ಬಿರಿಯುವುದು ನಿಜ. ಮ್ಯಾನೇಜರರಿಗೆ ಫೋನ್ ಮಾಡಿದೆ. ಆ ಗೋಡೆಗೆ ಸಿಡಿಮದ್ದು ಹೊಡೆಯುವುದು ಬೇಡ, ಮೇಲೆ ಯಾರನ್ನೂ ಬಿಡಬೇಡ, ಬುಧವಾರ ತೀರ್ಪುಗಾರರ ಜೊತೆ ಬಂದು ನಾನೇ ನೋಡುತ್ತೇನೆ ಎಂದರು.

ಬಿರುಕು ನೆಲದ್ದೋ ಬರೀ ಸುಣ್ಣದ್ದೋ ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ತೆಳ್ಳನೆಯ ಗಾಜಿನ ಪಟ್ಟಿಯನ್ನು ಬಿರುಕಿನ ಮೇಲೆ ಅಡ್ಡಲಾಗಿಟ್ಟು ಎರಡು ತುದಿಗಳನ್ನು ಸಿಮೆಂಟಿನಿಂದ ಅಂಟಿಸಬೇಕು. ಗಾಜು ಹಿಗ್ಗುವುದಿಲ್ಲ. ನೆಲ ಕೂದಲಷ್ಟು ಸರಿದರೂ ಒಡೆಯುತ್ತದೆ. ಮಧ್ಯಾಹ್ನವೇ ಸುರಪುರಕ್ಕೆ ಹೋಗಿ ಫೋಟೊಗೆ ಕಟ್ಟು ಹಾಕುವ ಅಂಗಡಿಯಲ್ಲಿ ಬೆರಳಗಲದ ಗಾಜು ಕೇಳಿದೆ.

“ಬೆರಳಗಲ ಫೋಟೊ ಯಾರ್ದವಾ?” ಎಂದ ಅಂಗಡಿಯವ.

“ಫೋಟೊ ಇಲ್ರಿ. ಬರೇ ಗಾಜು.”

“ಬರೇ ಗಾಜಿಗಿ ಕಟ್ಟು ಬ್ಯಾಡಲ್ಲ?” ಎಂದು ಖಾತ್ರಿ ಮಾಡಿಕೊಂಡೇ ಕೊಯ್ದು ಕೊಟ್ಟ.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಹಗ್ಗದ ಇನ್ನೊಂದು ತುದಿಯನ್ನು ಹಿಂದಿನ ಗಟ್ಟಿ ಬಂಡೆಗೆ ಬಿಗಿದು, ಮೂರು ಗಾಜಿನ ಪಟ್ಟಿಗಳನ್ನು ಬಿರುಕಿನ ಮೇಲೆ ಬಿಟ್ಟು ಬಿಟ್ಟು ಅಂಟಿಸಿದೆ. ಕೆಳಗಿನಿಂದ ಡ್ರಿಲ್ಲರ್ ಕೂಗಿದ: “ಮೇಡಮ್, ಗುಡ್ಡದ ಕಣ್ಣಿಗಿ ಚಾಳೀಸ್ ಹಾಕಾಕತ್ತೀರೇನ್ರಿ?”

ಮಂಗಳವಾರ ಬೆಳಿಗ್ಗೆ ಮೂರೂ ಗಾಜು ನೆಟ್ಟಗಿದ್ದವು. ಮೇಸ್ತ್ರಿ ನನಗಿಂತ ಮೊದಲೇ ಹೋಗಿ ನೋಡಿ ಬಂದಿದ್ದರು. “ನೋಡು ತಂಗಿ, ನಿನ್ನ ಗಾಜ ನಗಾಕತ್ತಾವ” ಎಂದರು. ಅವರ ಮುಖದ ಗೆಲುವು ಕಂಡು ನನಗೂ ಎದೆಯ ಭಾರ ಅರ್ಧ ಇಳಿಯಿತು. ಅರ್ಧ ಮಾತ್ರ. ಯಾಕೆಂದರೆ ಅದೇ ಹೊತ್ತಿಗೆ ಶಾಮಿಯಾನದವರು ಕಂಬ ನೆಡಲು ಬಂದಿದ್ದರು. ನೆಡುತ್ತಿದ್ದದ್ದು ಸರಿಯಾಗಿ ಆ ಗೋಡೆಯ ಬುಡದಲ್ಲಿ.

ನಮ್ಮ ಕ್ವಾರಿಯಲ್ಲಿ ಮಧ್ಯಾಹ್ನದ ಮೇಲೆ ನೆರಳು ಬೀಳುವುದು ಅದೊಂದೇ ಕಡೆ. ಪ್ರಥಮ ಚಿಕಿತ್ಸೆಯ ಪ್ರದರ್ಶನ ಪ್ರತಿ ವರ್ಷ ಅಲ್ಲೇ. ಈ ವರ್ಷ ದಾರಿಯ ಪಕ್ಕದ ಬಯಲಿನಲ್ಲಿ ಮಾಡೋಣ ಎಂದೆ. ಮೇಸ್ತ್ರಿ ಸಾಹುಕಾರರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಸಾಹುಕಾರರು ಕ್ವಾರಿಯ ಮಾಲೀಕರು, ಸುರಪುರದಲ್ಲಿರುತ್ತಾರೆ.

“ಬಂದ ಮಂದೀನ ಬಿಸಿಲಾಗ ಒಣಗಾಕ ಹಾಕಬೇಕೇನವಾ? ಗಾಜು ಒಡದಾವೇನು?”

“ಇಲ್ರಿ.”

“ಮತ್ತ?”

ಗಾಜು ಒಡೆದಿರಲಿಲ್ಲ, ನಿಜ. ಆದರೆ ಭಾನುವಾರದ ನೀರು ಒಳಗಿಳಿದಿದ್ದರೆ ಅದರ ಕೆಲಸ ಒಂದೇ ದಿನಕ್ಕೆ ಮುಗಿಯುವುದಿಲ್ಲ ಎಂದು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಫೋನ್ ಕಟ್ಟಾಗಿತ್ತು.

ಸಂಜೆಯವರೆಗೂ ಶಾಮಿಯಾನದ ಕೆಳಗೆ ತಾಲೀಮು ನಡೆಯಿತು. ಗಾಯಾಳುವಿನ ಪಾತ್ರ ಡ್ರಿಲ್ಲರನದು. ಕಾಲು ಮುರಿದಿದೆ ಎಂದು ಎರಡೂ ಬದಿಗೆ ಮರದ ಪಟ್ಟಿಯಿಟ್ಟು ಬಿಗಿದು, ಸ್ಟ್ರೆಚರಿಗೆ ಎದೆಯಿಂದ ಪಾದದವರೆಗೆ ಕಟ್ಟುತ್ತಿದ್ದರು. ನಿಜವಾಗಿ ಜಜ್ಜಿದ್ದ ಹೆಬ್ಬೆರಳನ್ನು ಅವನು ಅಂಗಿಯೊಳಗೆ ಅಡಗಿಸಿಕೊಂಡಿದ್ದ.

ಬುಧವಾರ ಎಲ್ಲರಿಗಿಂತ ಮೊದಲು ಬಂದು ಮೇಲೆ ಹತ್ತಬೇಕೆಂದಿದ್ದೆ. ಆದರೆ ಹಾಜರಿ, ಹೆಲ್ಮೆಟ್ ಹಂಚುವುದು, ತೀರ್ಪುಗಾರರಿಗೆ ತೋರಿಸಬೇಕಾದ ಕಾಗದಪತ್ರ ಎಂದು ಹೊತ್ತಾಯಿತು. ಹತ್ತಿದಾಗ ಕೆಳಗೆ ಕುರ್ಚಿ ಹಾಕುತ್ತಿದ್ದರು. ಕೊನೆಯ ತಾಲೀಮಿಗೆಂದು ಡ್ರಿಲ್ಲರನನ್ನು ಸ್ಟ್ರೆಚರಿಗೆ ಬಿಗಿಯುತ್ತಿದ್ದರು.

ನಡುವಿನ ಗಾಜು ಒಡೆದಿತ್ತು. ಆಚೆಯದೂ. ಮೂರನೆಯದು ಇನ್ನೂ ಹಿಡಿದಿತ್ತು. ಒಡೆದ ಕಡೆ ಸುಣ್ಣದ ಮೇಲಿನ ಗೆರೆ ಈಗ ಕೂದಲೆಳೆಯಾಗಿ ಉಳಿದಿರಲಿಲ್ಲ. ನನ್ನ ಪೆನ್ಸಿಲ್ ಅದರೊಳಗೆ ಇಳಿಯುವಂತಿತ್ತು.

ಮೇಸ್ತ್ರಿಯನ್ನು ಕೂಗಿ ಕರೆಯಲೇ ಎಂದು ಒಂದು ಕ್ಷಣ ಯೋಚಿಸಿದೆ. ಕರೆದಿದ್ದರೆ ಗಾಜನ್ನು ಕುರಿ ತುಳಿದಿರಬೇಕು ಎಂದುಬಿಡುತ್ತಿದ್ದರು. ಕುರಿಗಳು ಅಲ್ಲಿ ಓಡಾಡುವುದೂ ಸುಳ್ಳಲ್ಲ. ಮ್ಯಾನೇಜರರ ಜೀಪು ಇನ್ನೂ ದಾರಿಯಲ್ಲಿತ್ತು, ಫೋನ್ ಹತ್ತುತ್ತಿರಲಿಲ್ಲ. ನಾನು ತಪ್ಪಿದ್ದರೆ ಢಾಲು ಹೋಗುತ್ತದೆ, ಬಹುಶಃ ಕೆಲಸವೂ. ತಪ್ಪದೆ ಇದ್ದು ಸುಮ್ಮನಿದ್ದರೆ ಏನಾಗುತ್ತದೆ ಎಂಬುದನ್ನು ಯೋಚಿಸಲು ಹೋಗಲಿಲ್ಲ. ಕೆಳಗೆ ಡ್ರಿಲ್ಲರನ ಹಳದಿ ಹೆಲ್ಮೆಟ್ ಮಲಗಿದ ಭಂಗಿಯಲ್ಲಿ ಕಾಣುತ್ತಿತ್ತು.

ಸೈರನ್ ಇರುವುದು ಮೇಲೆಯೇ, ಬಿರುಕಿನಿಂದ ದೂರ, ಮದ್ದು ಹೊಡೆಯುವಾಗ ನಿಲ್ಲುವ ಆಸರೆಯ ಪಕ್ಕದಲ್ಲಿ. ಕೈಯಿಂದ ತಿರುಗಿಸುವಂಥದ್ದು. ಅದನ್ನು ಮೇಸ್ತ್ರಿ ಬಿಟ್ಟು ಇನ್ನಾರೂ ಮುಟ್ಟುವ ರೂಢಿಯಿರಲಿಲ್ಲ. ಹಿಡಿಕೆ ಬಿಗಿಯಾಗಿತ್ತು. ಮೊದಲು ನರಳಿತು. ಎರಡೂ ಕೈಯಿಂದ ಮೈಭಾರ ಹಾಕಿ ತಿರುಗಿಸಿದ ಮೇಲೆ ದನಿ ಏರಿತು. ನಿಲ್ಲಿಸದೆ ತಿರುಗಿಸಿದೆ. ಬಿಟ್ಟು ಬಿಟ್ಟು ಊದಿದರೆ ಎಚ್ಚರಿಕೆ. ಒಂದೇ ಸಮನೆ ಊದಿದರೆ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಮೇಲೆ ಬರಬೇಕು.

ಕೆಳಗೆ ಯಾರೂ ಅಲುಗಲಿಲ್ಲ. ಇದೂ ಸ್ಪರ್ಧೆಯದೇ ಒಂದು ಭಾಗವಿರಬೇಕೆಂದು ಕೆಲವರು ನಗುತ್ತ ಮೇಲೆ ನೋಡಿದರು. ಮೇಸ್ತ್ರಿಯೂ ನೋಡಿದರು. ತಮ್ಮ ಸೈರನ್ನನ್ನು ಬೇರೆಯವರು ಮುಟ್ಟಿದ್ದಕ್ಕೆ ಅವರಿಗೆ ಸಿಟ್ಟು ಬಂದದ್ದು ಅಷ್ಟು ದೂರದಿಂದಲೂ ಗೊತ್ತಾಯಿತು. ಆದರೆ ಸೈರನ್ನಿಗೆ ಅಷ್ಟು ವರ್ಷ ಕಿವಿಗೊಟ್ಟ ಮೈ ಅದು. ಸಿಟ್ಟಿನಲ್ಲೇ ಕೈ ಬೀಸಿ ಕೂಗಿದರು:

“ಎಲ್ರೂ ಮ್ಯಾಲ! ಸಾಮಾನ ಬಿಡ್ರಿ! ನಡ್ರಿ, ನಡ್ರಿ!”

ಕುರ್ಚಿ ಬೀಳಿಸಿಕೊಂಡು ಜನ ಓಡಿದರು. ಪ್ರಥಮ ಚಿಕಿತ್ಸೆಯ ನಾಲ್ವರು ಹೊರಟವರು ಅರ್ಧದಲ್ಲಿ ನಿಂತರು. ಸ್ಟ್ರೆಚರಿನ ಮೇಲೆ ಡ್ರಿಲ್ಲರ್ ಒದ್ದಾಡುತ್ತಿದ್ದ.

“ಅರೆ ಬಿಚ್ರಲೇ! ನಾ ಖರೇ ಪೇಶಂಟ್ ಅಲ್ಲ!”

ಗಂಟು ಬಿಚ್ಚಲು ಬಗ್ಗಿದವನ ಬೆನ್ನಿಗೆ ಮೇಸ್ತ್ರಿ ಗುದ್ದಿ, “ಬಿಚ್ಚಬ್ಯಾಡ, ಹೊರು!” ಎಂದರು. ನಾಲ್ವರೂ ಹೊತ್ತರು. ತಾಲೀಮಿನಲ್ಲಿ ಅವರು ಅಷ್ಟು ಚೆನ್ನಾಗಿ ಎಂದೂ ಹೊತ್ತಿರಲಿಲ್ಲ. ಇಳಿಜಾರಿನ ದಾರಿಯಲ್ಲಿ ಏದುಸಿರು ಬಿಡುತ್ತ, ಮೇಲಿದ್ದವನ ಬೈಗುಳ ಕೇಳುತ್ತ, ಎಲ್ಲರಿಗಿಂತ ಹಿಂದೆ ಬಂದರು. ಆಸರೆಯ ಹತ್ತಿರ ಮೇಸ್ತ್ರಿ ತಲೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಗಾಜ ಒಡದಾವ, ಕಾಕಾ.”

ಅವರು ತಡೆಗಲ್ಲುಗಳ ಕಡೆ ನೋಡಿದರು.

ಜೀಪು ಬಂದಾಗ ನಾವೆಲ್ಲ ಬಿಸಿಲಿನಲ್ಲಿ ನಿಂತಿದ್ದೆವು. ಶಾಮಿಯಾನ ಕೆಳಗೆ ನೆರಳಿನಲ್ಲಿ ಖಾಲಿ ನಿಂತಿತ್ತು. ತೀರ್ಪುಗಾರರ ಮುಖ್ಯಸ್ಥರು ಯಾದಗಿರಿ ಕಡೆಯ ಕ್ವಾರಿಯೊಂದರ ಮ್ಯಾನೇಜರ್, ಮಿತಭಾಷಿ. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ನಮ್ಮ ಮ್ಯಾನೇಜರ್ ಮೇಸ್ತ್ರಿಯನ್ನು ಕರೆದುಕೊಂಡು ಮೇಲೆ ಹೋದರು, ತಡೆಗಲ್ಲಿನ ಹಿಂದಿನಿಂದಲೇ ನೋಡಿ ಬಂದರು.

“ಸರಿದದ್ದಂತೂ ಹೌದು. ಬೀಳ್ತದೋ ಇಲ್ಲೋ ಹೇಳಾಕ ಬರಂಗಿಲ್ಲ,” ಎಂದರು ಮ್ಯಾನೇಜರ್. “ಇವತ್ತು ಕೆಳಗ ಯಾರೂ ಇಳಿಯಂಗಿಲ್ಲ.”

“ಹಂಗಾದ್ರ ಗೋಡೆಯ ತಪಾಸಣೆ, ಡ್ರಿಲ್ಲಿಂಗು, ಪ್ರಥಮ ಚಿಕಿತ್ಸೆ, ಮೂರಕ್ಕೂ ಅಂಕ ಇಲ್ರಿ,” ಎಂದರು ಮುಖ್ಯಸ್ಥರು. ದನಿಯಲ್ಲಿ ಮೆಚ್ಚುಗೆಯೂ ಇರಲಿಲ್ಲ, ಬೇಸರವೂ ಇರಲಿಲ್ಲ. “ನಿಯಮ ಹಂಗದ.”

ಮೇಲಿನಿಂದ ಇಳಿದು ಬಂದ ಮೇಸ್ತ್ರಿ ಬೇವಿನ ಬುಡದಲ್ಲಿ ಕೂತುಬಿಟ್ಟಿದ್ದರು. ಕೈಯಲ್ಲಿ ಒಡೆದ ಗಾಜಿನ ಚೂರೇನೂ ಇರಲಿಲ್ಲ, ಆದರೂ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು. ಸಾಹುಕಾರರು ಹಾರಗಳ ಬುಟ್ಟಿಯೊಂದಿಗೆ ಬಂದದ್ದು ಆಮೇಲೆ. ವಿಷಯ ಕೇಳಿ ಬುಟ್ಟಿಯನ್ನು ಕಾರಿನ ಮೇಲೇ ಇಟ್ಟರು.

“ಎಲ್ಲಿ ಬಿದ್ದದ? ನಿಂತದಲ್ಲ, ಗುಡ್ಡ ನಿಂತಂಗ ನಿಂತದ!”

ಮಧ್ಯಾಹ್ನ ದಾಟಿತು. ಗೋಡೆ ನಿಂತೇ ಇತ್ತು. ಒಂದು ಹರಳೂ ಉದುರಲಿಲ್ಲ. ಆ ಗೋಡೆ ಬೀಳಬೇಕೆಂದು ನಾನು ಬಯಸುತ್ತಿದ್ದೇನೋ ಬೀಳಬಾರದೆಂದೋ ನನಗೇ ತಿಳಿಯದಂಥ ಸ್ಥಿತಿ. ಕಟ್ಟು ಬಿಚ್ಚಿಸಿಕೊಂಡ ಡ್ರಿಲ್ಲರ್ ಹತ್ತಿರ ಬಂದು ಮೆಲ್ಲಗೆ, “ಮೇಡಮ್, ಗ್ವಾಡಿ ನಿಮ್ಮ ಮಾತ ಕೇಳವಲ್ದು” ಎಂದ. ನಗಿಸಲೆಂದೇ ಹೇಳಿದ್ದ. ನನಗೆ ನಗು ಬರಲಿಲ್ಲ.

ಶಾಮಿಯಾನದವನು ಗಡಿಬಿಡಿ ಶುರುಮಾಡಿದ. ಮರುದಿನ ರಂಗಂಪೇಟೆಯಲ್ಲಿ ಅವನಿಗೆ ಮದುವೆಯೊಂದಿತ್ತು. “ಐದ ನಿಮಿಷ ಸಾಹುಕಾರ್ರೆ, ಬಟ್ಟಿ ಬಿಚ್ಕೊಂಡು ಕುರ್ಚಿ ತರ್ತೀವಿ. ಇಷ್ಟೊತ್ತು ನಿಂತದ್ದು ಐದ ನಿಮಿಷಕ್ಕ ಬೀಳ್ತದೇನ್ರಿ?”

“ಹೋಗ್ರಿ, ಲಗೂನ ಬರ್ರಿ,” ಎಂದರು ಸಾಹುಕಾರರು.

ನಾನು ಬೇಡವೆಂದೆ. ಮ್ಯಾನೇಜರ್ ತೀರ್ಪುಗಾರರ ಜೊತೆ ಮದ್ದಿನ ಕೋಣೆಯ ಕಡೆ ಹೋಗಿದ್ದರು. ನನ್ನ ಮಾತು ಯಾರಿಗೂ ಕೇಳಿಸಲಿಲ್ಲ. ಶಾಮಿಯಾನದ ಇಬ್ಬರು ಆಳುಗಳು ಇಳಿಜಾರಿಗೆ ಕಾಲಿಟ್ಟರು.

ಮೇಸ್ತ್ರಿ ಬೇವಿನ ಬುಡದಿಂದ ಎದ್ದು ಬಂದು ದಾರಿಯ ನಟ್ಟನಡುವೆ ನಿಂತರು. ಎರಡೂ ಕೈ ಅಗಲಿಸಿದರು.

“ಯಾರೂ ಇಳಿಯಂಗಿಲ್ಲ.”

“ಏ, ನಿನಗೇನಾತೋ?” ಎಂದರು ಸಾಹುಕಾರರು.

“ಅಲ್ಲಿ ಮೊದಲ ಸೀಳಿತ್ರಿ, ಸಾಹುಕಾರ್ರೆ. ದಾರದಷ್ಟು. ಪಟ್ಟಿ ಚಂದ ಕೂಡ್ಲಿ ಅಂತ ಕಲ್ಲಪುಡಿ, ಸಿಮೆಂಟ್ ಕಲಸಿ ನಾನ ಮೆತ್ತೀನಿ. ಮ್ಯಾಲ ಸುಣ್ಣ ಬಡದೀನಿ. ಈಗ ನೋಡಿ ಬಂದೆ. ನಾ ಎಲ್ಲೆಲ್ಲಿ ಮೆತ್ತೀನೋ ಅಲ್ಲಲ್ಲೇ ಬಿಟ್ಟದ.”

ಹಬ್ಬಕ್ಕೆ ಮನೆಗೆ ಸುಣ್ಣ ಹಚ್ಚುವಾಗ ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಮೊದಲು ಗೋಡೆಯ ಸೀಳಿಗೆ ಮಣ್ಣು ಮೆತ್ತಿ ಸಪಾಟು ಮಾಡುತ್ತಾರೆ, ಆಮೇಲೆ ಸುಣ್ಣ. ಮುದನಾಳದಲ್ಲಿ ಅವ್ವನ ಜೊತೆ ನಾನೂ ಮೆತ್ತಿದ್ದೇನೆ. ಕ್ವಾರಿಯ ಅಂಚೂ ಅವರ ಕಣ್ಣಿಗೆ ಆ ದಿನ ಹಬ್ಬದ ಗೋಡೆಯಾಗಿತ್ತು.

“ಇಷ್ಟ್ ದಿನ ಯಾಕ ಹೇಳಿಲ್ಲ?”

“ಸುಣ್ಣಾನ ಬಿರದದ ಅಂತ ನನಗ ನಾನ ಹೇಳ್ಕೊಂಡೆ.”

ಸಾಹುಕಾರರು ತೀರ್ಪುಗಾರರು ಹೋದ ದಿಕ್ಕಿಗೆ ನೋಡಿ ದನಿ ತಗ್ಗಿಸಿದರು. “ನಿನಗ ಢಾಲು ಬ್ಯಾಡೇನೋ?”

“ಮುಂದಿನ ವರ್ಷಾನೂ ಕೊಡ್ತಾರ್ರಿ ಢಾಲು.”

ಮುಂದಿನ ವರ್ಷ ಅವರು ಅಲ್ಲಿರುವುದಿಲ್ಲ ಎಂದು ಸಾಹುಕಾರರಿಗೂ ಗೊತ್ತಿತ್ತು. ಸಾಹುಕಾರರು ಶಾಮಿಯಾನದವನಿಗೆ, “ನಾಳಿನ ಮದವಿಗಿ ಬ್ಯಾರೆ ಬಟ್ಟಿ ನಾ ಕೊಡಸ್ತೀನಿ. ನಡಿ” ಎಂದು ಕಾರಿನ ಕಡೆ ಹೊರಟರು. ಹಾರದ ಬುಟ್ಟಿ ಕಾರಿನ ಮೇಲೆಯೇ ಇತ್ತು. ಯಾರೋ ಕೂಗಿ ಹೇಳಬೇಕಾಯಿತು.

ಸಂಜೆ ದಾರಿಗೆ ಮುಳ್ಳಿನ ಬೇಲಿ ಎಳೆದು, ಕೆಂಪು ಬಾವುಟ ಕಟ್ಟಿ, ಕಾವಲುಗಾರನಿಗೆ ಗೇಟಿನಿಂದ ಒಳಗೆ ಬರಬೇಡವೆಂದು ಹೇಳಿ ಮನೆಗೆ ಹೋದೆವು. ಅಷ್ಟೊತ್ತಿಗೂ ಗೋಡೆ ನಿಂತೇ ಇತ್ತು.

ಗುರುವಾರ ಬೆಳಿಗ್ಗೆ ಗೇಟಿನಲ್ಲಿ ಕಾವಲುಗಾರ ನನಗಾಗಿ ಕಾದಿದ್ದ. ಮೊದಲು ಗುಡುಗೆಂದುಕೊಂಡನಂತೆ. ನೆಲ ನಡುಗಿದ ಮೇಲೆ ಗೊತ್ತಾಯಿತಂತೆ. ಎದುರಿನ ದಿಬ್ಬದಿಂದ ನೋಡಿದೆವು. ಗೋಡೆಯ ಮುಖ ಪೂರ್ತಿ ಕಳಚಿ ಕೂತಿತ್ತು. ಹೊಸ ಕಲ್ಲು ಒಳಗಿನಿಂದ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಬುಡದಲ್ಲಿ ಲಾರಿಯಷ್ಟು ದೊಡ್ಡ ಬಂಡೆಗಳು, ಅವುಗಳ ಸಂದಿಯಲ್ಲಿ ಶಾಮಿಯಾನದ ಕೆಂಪು ಬಟ್ಟೆಯ ಒಂದು ಮೂಲೆ. ಕುರ್ಚಿಗಳು ಕಾಣಲಿಲ್ಲ. ಕೆಲವು ಬಂಡೆಗಳ ಮೇಲೆ ಸುಣ್ಣದ ಪಟ್ಟಿ ಇನ್ನೂ ಬೆಳ್ಳಗೆ ಇತ್ತು.

ಡ್ರಿಲ್ಲರ್ ಕೈ ಚಾಚಿ, ತಾನು ಮಲಗಿದ್ದ ಜಾಗ ಎಲ್ಲಿರಬೇಕೆಂದು ಅಂದಾಜು ಮಾಡುತ್ತಿದ್ದ. ಆಮೇಲೆ ಕೈ ಇಳಿಸಿದ. ಅವನನ್ನು ಹೊತ್ತಿದ್ದ ನಾಲ್ವರಲ್ಲಿ ಒಬ್ಬ ಅವನ ಹೆಗಲ ಮೇಲೆ ಕೈಯಿಟ್ಟು, “ಭಾಳ ಭಾರ ಇದ್ದೀ ಮಗನ” ಎಂದ.

ವಾರದ ಕೊನೆಗೆ ಯಾದಗಿರಿಯಲ್ಲಿ ಬಹುಮಾನದ ಸಮಾರಂಭ. ಢಾಲು ಮತ್ತೆ ಕಡೇಚೂರು ಕಡೆಗೇ ಹೋಯಿತು. ನಮ್ಮ ಕ್ವಾರಿಯ ಹೆಸರನ್ನು ಯಾವ ಬಹುಮಾನಕ್ಕೂ ಓದಲಿಲ್ಲ. ಊಟದ ಸಾಲಿನಲ್ಲಿ ತೀರ್ಪುಗಾರರ ಮುಖ್ಯಸ್ಥರು ನನ್ನ ಪಕ್ಕ ಬಂದು ನಿಂತು, ಬೆರಳಗಲದ ಗಾಜು ಎಲ್ಲಿ ಕೊಯ್ಯಿಸಿದೆ ಎಂದು ಕೇಳಿದರು. ಅಂಗಡಿಯ ಗುರುತು ಹೇಳಿದೆ. ಬರೆದುಕೊಂಡರು. ಮೇಸ್ತ್ರಿ ಕಡೇಚೂರಿನವರ ಕೈಯಲ್ಲಿದ್ದ ಢಾಲನ್ನು ಇಸಿದುಕೊಂಡು, ತೂಕ ನೋಡುವವರಂತೆ ಒಮ್ಮೆ ಎತ್ತಿ, ವಾಪಸು ಕೊಟ್ಟರು.

ಸೋಮವಾರ ಹಾಜರಿ ಹಾಕುವಾಗ ಡ್ರಿಲ್ಲರ್ ಸಾಲು ಬಿಟ್ಟು ಮೇಜಿನ ಹತ್ತಿರ ಬಂದ. ಹೆಬ್ಬೆರಳಿನ ಬಟ್ಟೆ ಬಿಚ್ಚಿ ತೋರಿಸಿದ. ಉಗುರು ಪೂರ್ತಿ ಕಪ್ಪಾಗಿ ಮೇಲೆದ್ದಿತ್ತು.

“ಬಾಗ್ಲಾ ಅಲ್ರಿ ಮೇಡಮ್. ಡ್ರಿಲ್ ರಾಡಿಗೂ ಕಲ್ಲಿಗೂ ನಡುವ ಸಿಕ್ಕಿತ್ತು. ಹೋದ ಬುಧವಾರಲ್ಲ, ಅದರ ಹಿಂದಿನ್ದು.”

“ಏ, ವರ್ಷದ ಲೆಕ್ಕ ಕೆಡಸ್ತೀಯಲ್ಲೋ!” ಎಂದು ಹಿಂದಿನಿಂದ ಒಬ್ಬ ಕೂಗಿದ.

ಮೇಸ್ತ್ರಿ ಒಂದು ಕೈಯಲ್ಲಿ ಸುಣ್ಣದ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಉಳಿದ ಮೆಟ್ಟಿಲುಗಳ ಮೇಲೂ ಅಡ್ಡಪಟ್ಟಿ ಬಳಿಯಲು ಹೊರಟಿದ್ದರು. ಈ ಸಲ ಏನನ್ನೂ ಮೆತ್ತದೆ, ಇದ್ದ ನೆಲದ ಮೇಲೆಯೇ. ಕೂಗಿದವನ ಕಡೆ ಅವರು ಒಮ್ಮೆ ನೋಡಿದರು, ಅವನು ಸುಮ್ಮನಾದ.

“ಖರೇ ಹೇಳ್ಯಾನ, ತಂಗಿ. ಹಂಗ ಬರ್ಕೊ.”

“ಬಾಗ್ಲಾದ ಹೆಸರ ಹೊಡದು ಹಾಕ್ರಿ ಮತ್ತ,” ಎಂದ ಡ್ರಿಲ್ಲರ್, ಬಟ್ಟೆ ಸುತ್ತಿಕೊಳ್ಳುತ್ತ. “ಪಾಪ, ಅದೇನ್ ಮಾಡ್ಯದ.”

ನಾನು ಡೈರಿಯ ಪುಟ ಹಿಂದಕ್ಕೆ ತಿರುವಿ ಆ ಬುಧವಾರಕ್ಕೆ ಬಂದೆ. ‘ಇಲ್ಲ’ ಎಂಬುದನ್ನೂ ಪಕ್ಕದ ಪ್ರಶ್ನಾರ್ಥಕ ಚಿಹ್ನೆಯನ್ನೂ ಹೊಡೆದುಹಾಕಿ, ‘ಒಂದು’ ಎಂದು ಬರೆದೆ.